ಸವೆದ ಮೊಣಕಾಲು, ಸತತ ಸೋಲು, 43ಕ್ಕೆ ನಂಬರ್ ಒನ್: ರೋಹನ್ ಬೋಪಣ್ಣ ಪ್ರಕರಣ

2021ರ ಮೊದಲ ತಿಂಗಳುಗಳಲ್ಲಿ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಒಂದಾದ ಮೇಲೊಂದು ಪಂದ್ಯ ಸೋಲುತ್ತಿದ್ದರು. ಆಗ ಅವರ ವಯಸ್ಸು 41. ಮೊಣಕಾಲಿನ ಕಾರ್ಟಿಲೇಜ್ ಸವೆದುಹೋಗಿತ್ತು. ಮನೆಯಲ್ಲಿ ಪುಟ್ಟ ಮಗಳಿದ್ದಳು. ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ ಸಮುದ್ರದ ಮುಂದೆ ಕೂತು, ಇದನ್ನೆಲ್ಲ ಯಾಕೆ ಮಾಡುತ್ತಿದ್ದೇನೆ ಅಂತ ತಮ್ಮನ್ನೇ ಕೇಳಿಕೊಂಡದ್ದನ್ನು ಅವರು ಆಮೇಲೆ ಹೇಳಿದ್ದಾರೆ. ಆಟ ನಿಲ್ಲಿಸಿಬಿಡುತ್ತೇನೆ ಎಂದು ಹೆಂಡತಿಗೆ ವಿಡಿಯೊ ಸಂದೇಶವನ್ನೂ ಕಳಿಸಿದ್ದರು.

2024ರ ಜನವರಿ 27ರಂದು ಇದೇ ಬೋಪಣ್ಣ ಮೆಲ್ಬರ್ನ್‌ನ ರಾಡ್ ಲೇವರ್ ಅರೀನಾದಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಜೊತೆಗಾರ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್. ಎದುರಿಗಿದ್ದವರು ಇಟಲಿಯ ಸಿಮೋನೆ ಬೊಲೆಲಿ ಮತ್ತು ಆಂಡ್ರಿಯಾ ವವಸ್ಸೋರಿ. ಸ್ಕೋರು 7-6, 7-5. ಮೊದಲ ಸೆಟ್ 6-6 ಆದಾಗ ಅದನ್ನು ತೀರ್ಮಾನಿಸಲು ಆಡಿದ ಟೈ-ಬ್ರೇಕ್‌ನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟೂ ಸಿಗಲಿಲ್ಲ. ಎರಡು ದಿನ ಕಳೆದು ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಆಗ ಅವರಿಗೆ 43 ವರ್ಷ. ಅಷ್ಟು ವಯಸ್ಸಿಗೆ ಮೊದಲ ಸಲ ಆ ಜಾಗಕ್ಕೆ ಬಂದವರು ಬೇರೆ ಯಾರೂ ಇರಲಿಲ್ಲ.

ಈ ಎರಡರ ನಡುವೆ ಮೂರು ವರ್ಷವೂ ಇಲ್ಲ. ಅಷ್ಟರಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಅನ್ನುವುದನ್ನು ಇಲ್ಲಿ ಬಿಡಿಸಿ ನೋಡಬೇಕು ಅಂತ ನನಗೆ ಆಸೆ. ಟೆನಿಸ್ ಆಟಗಾರರ ಕಷ್ಟದ ಬಗ್ಗೆ ಮಾತಾಡುವಾಗ ನಾವು ದೇಹದ ಕಷ್ಟ ಒಂದು, ಮನಸ್ಸಿನ ಕಷ್ಟ ಇನ್ನೊಂದು ಅಂತ ಎರಡು ಡಬ್ಬಿಗೆ ಹಾಕಿಬಿಡುತ್ತೇವೆ. ಬೋಪಣ್ಣ ಅವರ ವಿಷಯದಲ್ಲಿ ಹಾಗೆ ಬೇರೆ ಮಾಡಲು ಆಗುವುದೇ ಇಲ್ಲ. ಮೊಣಕಾಲು ನೋಯುತ್ತಿದ್ದುದರಿಂದ ಮನಸ್ಸು ಕುಗ್ಗುತ್ತಿತ್ತು. ಸೋಲುತ್ತಿದ್ದುದರಿಂದ ಆ ನೋವು ಸಹಿಸಲು ಕಾರಣವೇ ಸಿಗುತ್ತಿರಲಿಲ್ಲ.

ಕೊಡಗಿನಿಂದ ಹೊರಟದ್ದು

ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ. ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಕೊಡಗು ಅಂದರೆ ಹಾಕಿ. ಅಲ್ಲಿ ಟೆನಿಸ್ ಹಿಡಿದ ಹುಡುಗನಿಗೆ ದೊಡ್ಡ ಅಕಾಡೆಮಿ, ಸಾಲು ಸಾಲು ಕೋರ್ಟು ಸಿಗುವುದಿಲ್ಲ. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಒಡೆಯುತ್ತಿದ್ದುದನ್ನು, ದಮ್ಮು ಹೆಚ್ಚಲಿ ಅಂತ ಕಾಫಿ ತೋಟದೊಳಗೆ ಓಡುತ್ತಿದ್ದುದನ್ನು ಅವರು ನಿವೃತ್ತಿಯ ಮಾತುಗಳಲ್ಲೂ ನೆನೆದರು. ಆ ಸರ್ವ್ ನೋಡಿದವರಿಗೆ ಈ ಮಾತು ನಂಬಲು ಕಷ್ಟವಾಗುವುದಿಲ್ಲ. ಆರಡಿ ಮೀರಿದ ಎತ್ತರ, ಮೇಲಿನಿಂದ ಬೀಳುವ ಚೆಂಡು. ಕಡೆಯವರೆಗೂ ಅವರ ಆಟ ನಿಂತದ್ದು ಅದರ ಮೇಲೆಯೇ.

ಮೊದಲು ಅವರು ಸಿಂಗಲ್ಸ್‌ನಲ್ಲೂ ಪ್ರಯತ್ನಪಟ್ಟರು. 2007ರಲ್ಲಿ 213ನೇ ರ್‍ಯಾಂಕ್ ತಲುಪಿದ್ದೇ ಅಲ್ಲಿನ ಎತ್ತರ. ಟೆನಿಸ್‌ನಲ್ಲಿ ಇದು ತುಂಬಾ ಕಠಿಣವಾದ ಜಾಗ. ಜಗತ್ತಿನಲ್ಲಿ ನಿಮಗಿಂತ ಚೆನ್ನಾಗಿ ಆಡುವವರು ಬರೀ 212 ಜನ. ಆದರೂ ಗ್ರ್ಯಾಂಡ್ ಸ್ಲಾಮ್, ಅಂದರೆ ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳ ಮುಖ್ಯ ಸುತ್ತಿಗೆ ನೇರ ಪ್ರವೇಶ ಸಿಗುವುದಿಲ್ಲ. ಅದು ಸುಮಾರು ನೂರರ ಒಳಗಿನವರಿಗೆ ಮಾತ್ರ. ಟಿಕೆಟ್, ಹೋಟೆಲ್, ಕೋಚ್ ಎಲ್ಲ ನಿಮ್ಮದೇ ಖರ್ಚು. ಗೆಲ್ಲುವ ಹಣ ಆ ಖರ್ಚಿಗೇ ಸಾಲುವುದಿಲ್ಲ.

ಸಿಂಗಲ್ಸ್ ಅವರಿಗೆ ಒಂದು ದೊಡ್ಡ ದಿನವನ್ನಂತೂ ಕೊಟ್ಟಿತು. 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್‌ನಲ್ಲಿ, ಅಂದರೆ ದೇಶ ದೇಶಗಳ ತಂಡಗಳು ಆಡುವ ಟೂರ್ನಿಯಲ್ಲಿ, ಭಾರತ 0-2 ಹಿಂದಿತ್ತು. ಅಲ್ಲಿಂದ 2-2 ಆಯಿತು. ಐದನೇ ಪಂದ್ಯದಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ಬೋಪಣ್ಣ ನೇರ ಸೆಟ್‌ಗಳಲ್ಲಿ ಸೋಲಿಸಿದರು. ಆ ವೇಳೆಗೆ ಅವರ ಬದುಕು ಡಬಲ್ಸ್ ಕಡೆ ತಿರುಗಿ ಆಗಿತ್ತು. ಆ ನಿರ್ಧಾರ ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಎರಡು ಪಾಯಿಂಟಿನ ಅಂತರ

ಅದೇ 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅವರು ಯುಎಸ್ ಓಪನ್ ಫೈನಲ್ ತಲುಪಿದರು. ಅಮೆರಿಕದ ಬ್ರಯಾನ್ ಅವಳಿಗಳ ಎದುರು 6-7, 6-7 ಸೋಲು. ಎರಡೂ ಸೆಟ್ ಟೈ-ಬ್ರೇಕ್‌ನಲ್ಲಿ ಹೋದವು. ಒಮ್ಮೆ 5-7, ಇನ್ನೊಮ್ಮೆ 4-7. ಆಗ ಬೋಪಣ್ಣ ಅವರಿಗೆ 30 ವರ್ಷ. ಇನ್ನೊಂದು ಅವಕಾಶ ಬೇಗ ಬರುತ್ತದೆ ಅಂತ ಯಾರಿಗಾದರೂ ಅನಿಸುತ್ತಿತ್ತು. ಪುರುಷರ ಡಬಲ್ಸ್‌ನಲ್ಲಿ ಅವರ ಮುಂದಿನ ಗ್ರ್ಯಾಂಡ್ ಸ್ಲಾಮ್ ಫೈನಲ್ ಬಂದದ್ದು 13 ವರ್ಷ ಕಳೆದು.

ಈ 13 ವರ್ಷ ಅವರು ಸೋಮಾರಿಯಾಗಿ ಕೂತಿರಲಿಲ್ಲ. 2011ರಲ್ಲಿ ಖುರೇಷಿ ಜೊತೆ, 2012ರಲ್ಲಿ ಮಹೇಶ್ ಭೂಪತಿ ಜೊತೆ ಪ್ಯಾರಿಸ್ ಮಾಸ್ಟರ್ಸ್ ಗೆದ್ದರು. ಗ್ರ್ಯಾಂಡ್ ಸ್ಲಾಮ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಮಾಸ್ಟರ್ಸ್ 1000 ಟೂರ್ನಿಗಳಲ್ಲಿ ಅದೂ ಒಂದು. 2013ರಲ್ಲಿ ವಿಶ್ವದ 3ನೇ ರ್‍ಯಾಂಕ್‌ಗೆ ಏರಿದರು. ಆಮೇಲೆ ಮ್ಯಾಡ್ರಿಡ್, ಮಾಂಟೆ ಕಾರ್ಲೊ ಪ್ರಶಸ್ತಿಗಳೂ ಬಂದವು. ಆದರೂ ದೊಡ್ಡದೊಂದು ಪ್ರತಿ ಸಲ ಕೈಗೆ ಬಂದು ಜಾರುತ್ತಿತ್ತು.

2015ರ ವಿಂಬಲ್ಡನ್ ಸೆಮಿಫೈನಲ್ ತೆಗೆದುಕೊಳ್ಳಿ. ರುಮೇನಿಯಾದ ಫ್ಲೋರಿನ್ ಮರ್ಜಿಯಾ ಜೊತೆ ಆಡಿದ ಪಂದ್ಯ. ಆಗ ಅಲ್ಲಿ ಪುರುಷರ ಡಬಲ್ಸ್‌ಗೂ ಐದು ಸೆಟ್ ಇತ್ತು. ಐದನೇ ಸೆಟ್ 11-13ರಲ್ಲಿ ಸೋತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಮಿಶ್ರ ಡಬಲ್ಸ್ ಸೆಮಿಫೈನಲ್‌ನ ಮೊದಲ ಸೆಟ್ 6-2ರಲ್ಲಿ ಗೆದ್ದರು. ಆಮೇಲೆ ವೀನಸ್ ವಿಲಿಯಮ್ಸ್ ಮತ್ತು ರಾಜೀವ್ ರಾಮ್ ಅದನ್ನು ಕಿತ್ತುಕೊಂಡರು. ಕಂಚಿನ ಪಂದ್ಯವೂ ಹೋಯಿತು. ನಾಲ್ಕನೇ ಸ್ಥಾನ. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್ಸ್ಕಿ ಜೊತೆ ಕೊನೆಗೂ ಮೊದಲ ಗ್ರ್ಯಾಂಡ್ ಸ್ಲಾಮ್ ಸಿಕ್ಕಿತು. ಅದೂ ಇನ್ನೊಂದು ಪಾಯಿಂಟ್ ಸಿಕ್ಕರೆ ಎದುರಾಳಿಗೆ ಪಂದ್ಯ ಅನ್ನುವ ಸ್ಥಿತಿಯಿಂದ ಎರಡು ಸಲ ಪಾರಾಗಿ, ಮೂರನೇ ಸೆಟ್ ಬದಲು ಆಡುವ ಸೂಪರ್ ಟೈ-ಬ್ರೇಕ್ 12-10ರಲ್ಲಿ. ಮರುವರ್ಷ ಆಸ್ಟ್ರೇಲಿಯನ್ ಓಪನ್ ಮಿಶ್ರ ಫೈನಲ್‌ನಲ್ಲಿ ಟಿಮಿಯಾ ಬಬೋಸ್ ಜೊತೆ ಅದೇ ತರಹದ ಟೈ-ಬ್ರೇಕ್ 9-11ರಲ್ಲಿ ಸೋತರು. ಎದುರು ನಿಂತವರಲ್ಲಿ ಒಬ್ಬರು ಅದೇ ಡಬ್ರೋವ್ಸ್ಕಿ.

12-10 ಮತ್ತು 9-11. ಒಂದು ಸಲ ಎರಡು ಪಾಯಿಂಟಿನ ಗೆಲುವು, ಇನ್ನೊಂದು ಸಲ ಎರಡು ಪಾಯಿಂಟಿನ ಸೋಲು. ಅಷ್ಟು ಚಿಕ್ಕ ಅಂತರದಲ್ಲಿ ಒಬ್ಬ ಚಾಂಪಿಯನ್ ಆಗುತ್ತಾನೆ, ಇನ್ನೊಬ್ಬ ಆ ರಾತ್ರಿಯೇ ಮುಂದಿನ ಊರಿನ ವಿಮಾನ ಹತ್ತುತ್ತಾನೆ. ಎಟಿಪಿ ಟೂರ್, ಅಂದರೆ ಊರಿಂದೂರಿಗೆ ನಡೆಯುವ ಪುರುಷರ ವೃತ್ತಿಪರ ಟೆನಿಸ್ ಸರಣಿಯ ಡಬಲ್ಸ್‌ನಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ 40-40 ಆದರೆ ಅಡ್ವಾಂಟೇಜ್ ಇಲ್ಲ, ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ. ಮೂರನೇ ಸೆಟ್ ಇಲ್ಲ, ಅದರ ಬದಲು ಹತ್ತು ಪಾಯಿಂಟಿನ ಟೈ-ಬ್ರೇಕ್. ಚೆನ್ನಾಗಿ ಆಡಿಯೂ ವಾರಗಟ್ಟಲೆ ಸೋಲಬಹುದು. ಇಡೀ ಟೂರ್ನಿಯಲ್ಲಿ ಸೋಲದೆ ಮನೆಗೆ ಹೋಗುವುದು ಒಂದೇ ಜೋಡಿ. ಉಳಿದವರೆಲ್ಲ ಪ್ರತಿ ವಾರ ಸೋತೇ ಹೊರಡುತ್ತಾರೆ. ಈ ವೃತ್ತಿಯ ಮಾನಸಿಕ ಹೊರೆ ಅಂದರೆ ದೊಡ್ಡ ಫೈನಲ್‌ನ ಒತ್ತಡ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಫೈನಲ್ ವರ್ಷಕ್ಕೆ ಒಂದೆರಡು ಬರುತ್ತದೆ. ವಾರವಾರದ ಸೋಲು ಜನವರಿಯಿಂದ ನವೆಂಬರ್‌ವರೆಗೆ ಇರುತ್ತದೆ. ಮನುಷ್ಯನನ್ನು ನಿಧಾನಕ್ಕೆ ಸವೆಸುವುದು ಇದೇ ಅಂತ ನನ್ನ ಅಭಿಪ್ರಾಯ.

ಮೊಣಕಾಲು

ಟೆನಿಸ್ ಸರ್ವ್ ಕೈಯಿಂದ ಹುಟ್ಟುವುದಿಲ್ಲ. ಮೊಣಕಾಲು ಮಡಿಸಿ ನೆಲವನ್ನು ಒದ್ದಾಗ ಬರುವ ಬಲ ಸೊಂಟ, ಬೆನ್ನು, ಭುಜ ದಾಟಿ ರಾಕೆಟ್‌ಗೆ ಬರುತ್ತದೆ. ಆಟಗಾರ ಗಾಳಿಗೆ ಎದ್ದು ಕೆಳಗೆ ಬರುತ್ತಾನೆ. ಬಲಗೈ ಆಟಗಾರ ಸಾಮಾನ್ಯವಾಗಿ ಎಡಗಾಲಿನ ಮೇಲೆ ಇಳಿಯುತ್ತಾನೆ. ಇಡೀ ದೇಹದ ಭಾರ ಒಂದೇ ಮೊಣಕಾಲಿಗೆ. ಸರ್ವ್ ಇಲ್ಲದಾಗಲೂ ಬಿಡುವಿಲ್ಲ. ಎದುರಾಳಿ ಚೆಂಡು ಹೊಡೆಯುವ ಪ್ರತಿ ಸಲ ಸಣ್ಣಗೆ ಹಾರಿ ನೆಲಕ್ಕೆ ಬಿದ್ದು, ಬೇಕಾದ ಕಡೆ ನುಗ್ಗಬೇಕು. ಮಣ್ಣಿನ ಕೋರ್ಟ್‌ನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಪೆಟ್ಟು ಕಡಿಮೆಯಾಗುತ್ತದೆ. ಹಾರ್ಡ್ ಕೋರ್ಟ್‌ನಲ್ಲಿ ಕಾಲು ಗಕ್ಕನೆ ನಿಲ್ಲುತ್ತದೆ. ವರ್ಷದ ಹೆಚ್ಚಿನ ಟೂರ್ನಿಗಳು ನಡೆಯುವುದು ಹಾರ್ಡ್ ಕೋರ್ಟ್‌ನಲ್ಲೇ.

ಎಲುಬಿನ ತುದಿಗೆ ಹೊದಿಸಿದ ನುಣುಪಾದ ಪದರವೇ ಕಾರ್ಟಿಲೇಜ್. ಅದಕ್ಕೆ ರಕ್ತನಾಳ ಇಲ್ಲ. ಸ್ನಾಯು ಹರಿದರೆ ಕೂಡುತ್ತದೆ, ಎಲುಬು ಮುರಿದರೆ ಬೆಸೆಯುತ್ತದೆ. ಸವೆದ ಕಾರ್ಟಿಲೇಜ್ ಹಾಗೆ ತಾನಾಗಿ ಮೊದಲಿನಂತೆ ಬೆಳೆಯುವುದಿಲ್ಲ. ಬೋಪಣ್ಣ ಅವರ ಮೊಣಕಾಲಿನಲ್ಲಿ ಅದು ಉಳಿದಿರಲೇ ಇಲ್ಲ ಎಂದು ಅವರೇ ಹಲವು ಸಲ ಹೇಳಿದ್ದಾರೆ. 2019ರ ಹೊತ್ತಿಗೆ ದಿನಾ ನೋವಿನ ಮಾತ್ರೆ ನುಂಗಿ ಆಡುವ ಸ್ಥಿತಿ ಬಂದಿತ್ತು.

ಇಂಥ ನೋವಿಗೆ ಒಂದು ವಿಚಿತ್ರ ಗುಣವಿದೆ. ಅದು ಒಂದು ದಿನದ ಗಾಯ ಆಗಿದ್ದರೆ ಆರು ವಾರ ವಿಶ್ರಾಂತಿ, ಮತ್ತೆ ವಾಪಸ್ ಅಂತ ದಿನಾಂಕ ಹಾಕಿಕೊಳ್ಳಬಹುದು. ಸವೆತಕ್ಕೆ ದಿನಾಂಕ ಇಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಇವತ್ತು ಹೇಗಿದೆ ಅಂತ ಮೊದಲು ಮೊಣಕಾಲನ್ನೇ ಕೇಳಬೇಕು. ಅಭ್ಯಾಸ ಎಷ್ಟು ಮಾಡಬೇಕು ಅನ್ನುವುದನ್ನು ಕೋಚ್‌ಗಿಂತ ಮುಂಚೆ ಅದೇ ತೀರ್ಮಾನಿಸುತ್ತದೆ. ಅಭ್ಯಾಸ ಕಡಿಮೆಯಾದರೆ ಆತ್ಮವಿಶ್ವಾಸ ಕಡಿಮೆ. 40-40ರಲ್ಲಿ ಸರ್ವ್ ಮಾಡುವಾಗ ಕಾಲು ಪೂರ್ತಿ ಮಡಿಸಲೋ ಬೇಡವೋ ಅಂತ ಒಂದು ಕ್ಷಣ ಅನುಮಾನ ಬಂದರೂ ಸಾಕು, ಆ ಸರ್ವ್ ಹೋಯಿತು. ಎರಡು ಪಾಯಿಂಟಿನ ಅಂತರದ ಆಟದಲ್ಲಿ ಇದಕ್ಕೆ ಎಷ್ಟು ಬೆಲೆ ಅಂತ ನೀವೇ ಯೋಚಿಸಿ.

2021ರ ಸುಳಿ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಟೂರ್ ನಿಂತಿತು. ಆಗಸ್ಟ್‌ನಲ್ಲಿ ಮತ್ತೆ ಶುರುವಾದಾಗ ಪ್ರೇಕ್ಷಕರಿಲ್ಲದ ಕೋರ್ಟು, ಹೋಟೆಲ್ ಕೋಣೆ, ಪರೀಕ್ಷೆ, ಮತ್ತೆ ಕೋಣೆ. ಬೋಪಣ್ಣ ಆ ಯುಎಸ್ ಓಪನ್‌ನಲ್ಲಿ ಕೆನಡಾದ ಡೆನಿಸ್ ಶಪೋವಲೋವ್ ಜೊತೆ ಕ್ವಾರ್ಟರ್‌ಫೈನಲ್ ಆಡಿದರು. ಆಮೇಲೆ 2021 ಬಂತು. ಮೊದಲ ಐದು ತಿಂಗಳು ಪಂದ್ಯವನ್ನೇ ಗೆಲ್ಲಲಿಲ್ಲ ಅಂತ ಅವರು ನೆನಪಿಸಿಕೊಂಡದ್ದು ಇದೇ ಅವಧಿಯನ್ನು.

ಡಬಲ್ಸ್ ಆಟಗಾರನಿಗೆ ಸೋಲು ಇನ್ನೊಂದು ದಾರಿಯಲ್ಲೂ ಹೊಡೆತ ಕೊಡುತ್ತದೆ. ಟೂರ್ನಿಗೆ ಪ್ರವೇಶ ಸಿಗುವುದು ಇಬ್ಬರ ರ್‍ಯಾಂಕ್ ಕೂಡಿಸಿ. ನಿಮ್ಮ ರ್‍ಯಾಂಕ್ ಇಳಿದರೆ ಒಳ್ಳೆಯ ಆಟಗಾರ ನಿಮ್ಮ ಜೊತೆ ಆಡಲು ಹಿಂಜರಿಯುತ್ತಾನೆ. ಕೆಟ್ಟ ಉದ್ದೇಶ ಏನಿಲ್ಲ, ಅವನಿಗೂ ಪ್ರವೇಶ ಬೇಕಲ್ವಾ. ಹಾಗಾಗಿ ಪ್ರತಿ ವಾರ ಹೊಸ ಜೊತೆಗಾರ. ಇಬ್ಬರೂ ಯಾವ ಬದಿಯಲ್ಲಿ ನಿಲ್ಲಬೇಕು, ಯಾವ ಸನ್ನೆಗೆ ಏನು ಅರ್ಥ, ಸೋಲುವಾಗ ಇವನು ಮಾತಾಡುತ್ತಾನೋ ಮೌನವಾಗುತ್ತಾನೋ, ಎಲ್ಲ ಮೊದಲಿಂದ ಕಲಿಯಬೇಕು. ಕಲಿಯುವಷ್ಟರಲ್ಲಿ ಮೊದಲ ಸುತ್ತು ಮುಗಿದಿರುತ್ತದೆ. ರ್‍ಯಾಂಕ್ ಇನ್ನೂ ಇಳಿಯುತ್ತದೆ. ಬೋಪಣ್ಣ ಅವರ ಜೊತೆಗಾರರ ಪಟ್ಟಿ ಉದ್ದವಾದದ್ದಕ್ಕೆ ಇದೂ ಒಂದು ಕಾರಣ. 41ರ ಆಟಗಾರನಾದರೆ ಇನ್ನೊಂದು ತೊಡಕು ಸೇರುತ್ತದೆ. ಈತ ಇನ್ನೆಷ್ಟು ದಿನ ಆಡುತ್ತಾನೋ ಅನ್ನುವ ಪ್ರಶ್ನೆ ಎದುರಿಗಿರುವವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ಎಸ್ಟೊರಿಲ್‌ನಲ್ಲಿ ನಿಲ್ಲಿಸಿಬಿಡಬೇಕು ಅನಿಸಿದ್ದು ದುರ್ಬಲ ಮನಸ್ಸಿನ ಲಕ್ಷಣ ಅಂತ ನನಗೆ ಅನಿಸುವುದಿಲ್ಲ. ಕೈಯಲ್ಲಿದ್ದ ಲೆಕ್ಕ ಅದನ್ನೇ ಹೇಳುತ್ತಿತ್ತು. ನೋವಿದೆ, ಗೆಲುವಿಲ್ಲ, ಮಗಳು ದೂರ. ಅದನ್ನು ಒಳಗೇ ಇಟ್ಟುಕೊಳ್ಳದೆ ಹೆಂಡತಿಗೆ ಬಾಯಿಬಿಟ್ಟು ಹೇಳಿದ್ದೇ ದೊಡ್ಡದು ಅಂತ ನನ್ನ ಲೆಕ್ಕ. ಅವರ ಹೆಂಡತಿ ಮನಃಶಾಸ್ತ್ರ ಓದಿದವರು ಎಂಬುದು ಇಲ್ಲಿ ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಎಷ್ಟೋ ಆಟಗಾರರು ನೋವಿದೆ ಅಂತಲೂ ಹೇಳುವುದಿಲ್ಲ, ಸಾಕಾಗಿದೆ ಅಂತಲೂ ಹೇಳುವುದಿಲ್ಲ. ತಂಡದಿಂದ ತೆಗೆದುಬಿಡುತ್ತಾರೆ ಅನ್ನುವ ಭಯ.

ಚಾಪೆ, ಬೆಲ್ಟು, ಗೋಡೆ

ಬದಲಾವಣೆಯ ಬೀಜ ಸ್ವಲ್ಪ ಮೊದಲೇ ಬಿದ್ದಿತ್ತು. 2020ರ ಲಾಕ್‌ಡೌನ್‌ನಲ್ಲಿ ಬೋಪಣ್ಣ ಅಯ್ಯಂಗಾರ್ ಯೋಗ ಶುರು ಮಾಡಿದರು. ಈ ಪದ್ಧತಿಯನ್ನು ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಮೈಸೂರಿನಲ್ಲಿ ಕಲಿತು ಪುಣೆಯಲ್ಲಿ ನೆಲೆಸಿ ಜಗತ್ತಿಗೆಲ್ಲ ಕಲಿಸಿದವರು. ಬಾಲ್ಯದಲ್ಲಿ ತೀರಾ ರೋಗಿಷ್ಠರಾಗಿದ್ದ ಅವರು ತಮ್ಮ ದೇಹಕ್ಕಾಗಿಯೇ ಯೋಗ ಹಿಡಿದವರು. ಬೆಲ್ಟು, ಹಗ್ಗ, ಮರದ ದಿಮ್ಮಿ, ಕುರ್ಚಿ, ಗೋಡೆ ಇವನ್ನೆಲ್ಲ ಆಸರೆಯಾಗಿ ಬಳಸುವುದು ಅವರ ಪದ್ಧತಿಯ ವಿಶೇಷ. ನೋವಿರುವ ಕೀಲಿಗೆ ಭಾರ ಬೀಳದಂತೆ ನಿಂತು, ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಇರಬಹುದು. ಮೊಣಕಾಲು ಯಾವ ದಿಕ್ಕಿಗೆ ನೋಡುತ್ತಿದೆ, ತೊಡೆ ಎಷ್ಟು ಬಿಗಿಯಾಗಿದೆ, ಪಾದದ ಯಾವ ಅಂಚಿಗೆ ಭಾರ ಬಿದ್ದಿದೆ ಅಂತ ಗುರುಗಳು ಒಂದೊಂದನ್ನೂ ತಿದ್ದುತ್ತಾರೆ.

ವಾರಕ್ಕೆ ನಾಲ್ಕು ಸಲ, ಪ್ರತಿ ಸಲ ಒಂದೂವರೆ ಗಂಟೆ. ಇದರಿಂದ ಕಾಲಿಗೆ ಬಲ ಬಂತು, ಕೋರ್ಟಿನಲ್ಲಿ ಅವಸರ ಕಡಿಮೆಯಾಗಿ ಯೋಚನೆ ಸ್ಪಷ್ಟವಾಯಿತು ಅಂತ ಅವರು ಹೇಳುತ್ತಾರೆ. ನೋವಿನ ಮಾತ್ರೆ ಬಿಟ್ಟು ಆಡಲು ಸಾಧ್ಯವಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಯೋಗದಿಂದ ಕಾರ್ಟಿಲೇಜ್ ಮತ್ತೆ ಬೆಳೆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೋಪಣ್ಣ ಕೂಡ ಹಾಗೆ ಹೇಳಿಲ್ಲ. ಸುತ್ತಲಿನ ಸ್ನಾಯು ಗಟ್ಟಿಯಾದರೆ ಕೀಲಿನ ಮೇಲೆ ಬೀಳುವ ಹೊರೆ ಹಂಚಿಹೋಗುತ್ತದೆ. ಕಾಲು ಸರಿಯಾದ ನೇರದಲ್ಲಿ ಇಳಿದರೆ ಸವೆದ ಜಾಗಕ್ಕೆ ಪೆಟ್ಟು ಕಡಿಮೆ. ಇದರಲ್ಲಿ ಪವಾಡ ಇಲ್ಲ. ವಾರವಾರ ಬಿಡದೆ ಮಾಡಿದ ಬೇಸರದ ಕೆಲಸ ಇದೆ. ಜೊತೆಗೆ ಅವರು ಜಿಮ್‌ನ ಭಾರವನ್ನೂ ಅಭ್ಯಾಸದ ಗಂಟೆಗಳನ್ನೂ ವಯಸ್ಸಿಗೆ ತಕ್ಕಂತೆ ಹೊಂದಿಸಿಕೊಂಡರು. ದೇಹ ಸುಧಾರಿಸಿಕೊಳ್ಳುವುದಕ್ಕೆ ಕೊಡುವ ಹೊತ್ತು ಹೆಚ್ಚಿಸಿದರು. ಕೋಚ್ ಸ್ಕಾಟ್ ಡೇವಿಡಾಫ್ ವರ್ಷಗಟ್ಟಲೆ ಜೊತೆಗಿದ್ದರು. ಫಿಸಿಯೊ ಟೂರ್‌ನಲ್ಲೇ ಜೊತೆ ತಿರುಗುತ್ತಿದ್ದರು. ಮೆಲ್ಬರ್ನ್‌ನಲ್ಲಿ ಕಪ್ ಹಿಡಿದು ಅವರು ಮೊದಲು ನೆನೆದವರಲ್ಲಿ ಇವರೆಲ್ಲ ಇದ್ದರು.

ಫಲ ತಕ್ಷಣ ಬರಲಿಲ್ಲ. ಯೋಗ ಶುರುವಾದ ಮೇಲೆಯೇ 2021ರ ಆ ಸೋಲುಗಳು ಬಂದದ್ದು ಅನ್ನುವುದನ್ನು ಗಮನಿಸಬೇಕು. ದೇಹ ಮೊದಲು ಸುಧಾರಿಸಿತು, ಫಲಿತಾಂಶ ತಡವಾಗಿ ಹಿಂಬಾಲಿಸಿತು. ನಡುವಿನ ಆ ತಿಂಗಳುಗಳೇ ಎಲ್ಲಕ್ಕಿಂತ ಕಷ್ಟದವು. ಎಲ್ಲ ಸರಿಯಾಗಿ ಮಾಡುತ್ತಿದ್ದೀರಿ, ಸ್ಕೋರ್‌ಬೋರ್ಡ್ ಮಾತ್ರ ಇಲ್ಲ ಅನ್ನುತ್ತದೆ.

ತಿರುವು

2021ರ ಫ್ರೆಂಚ್ ಓಪನ್‌ನಲ್ಲಿ ಕ್ರೊಯೇಷಿಯಾದ ಫ್ರಾಂಕೊ ಸ್ಕುಗೊರ್ ಜೊತೆ ಕ್ವಾರ್ಟರ್‌ಫೈನಲ್ ತಲುಪಿದರು. 2022ರ ಆರಂಭದಲ್ಲಿ ರಾಮ್‌ಕುಮಾರ್ ರಾಮನಾಥನ್ ಜೊತೆ ಅಡಿಲೇಡ್ ಮತ್ತು ಪುಣೆಯಲ್ಲಿ ಪ್ರಶಸ್ತಿ. ಅದೇ ವರ್ಷ ನೆದರ್ಲೆಂಡ್ಸ್‌ನ ಮ್ಯಾಟ್ವೆ ಮಿಡಲ್‌ಕೂಪ್ ಜೊತೆ ಫ್ರೆಂಚ್ ಓಪನ್ ಸೆಮಿಫೈನಲ್. 2023ರಲ್ಲಿ ಎಬ್ಡನ್ ಬಂದರು.

ಎಬ್ಡನ್ ಆಗಲೇ ವಿಂಬಲ್ಡನ್ ಡಬಲ್ಸ್ ಗೆದ್ದಿದ್ದವರು. ರಿಟರ್ನ್ ಚುರುಕು, ನೆಟ್‌ನ ಬಳಿ ಕೈ ಚುರುಕು, ಕಾಲು ಚುರುಕು. ಬೋಪಣ್ಣ ಅವರದು ದೊಡ್ಡ ಸರ್ವ್, ಭಾರಿ ಹೊಡೆತ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. ಅದಕ್ಕಿಂತ ಮುಖ್ಯ, ಇಬ್ಬರೂ ಒಂದು ಇಡೀ ವರ್ಷ ಜೊತೆಗಿರಲು ಒಪ್ಪಿದರು. ಆ ವರ್ಷದ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಗೆದ್ದಾಗ ಬೋಪಣ್ಣ ಮಾಸ್ಟರ್ಸ್ 1000 ಗೆದ್ದ ಅತಿ ಹಿರಿಯ ಆಟಗಾರರಾದರು. ಡೇನಿಯಲ್ ನೆಸ್ಟರ್ 42ನೇ ವಯಸ್ಸಿನಲ್ಲಿ ಬರೆದ ದಾಖಲೆ ಮುರಿಯಿತು. ವಿಂಬಲ್ಡನ್‌ನಲ್ಲಿ ಸೆಮಿಫೈನಲ್. ಆ ವರ್ಷದಿಂದ ಅಲ್ಲಿ ಪುರುಷರ ಡಬಲ್ಸ್ ಮೂರು ಸೆಟ್‌ಗೆ ಇಳಿದಿತ್ತು. ಹಳೆಯ ಮೊಣಕಾಲುಗಳಿಗೆ ಅದೂ ಒಂದು ಉಪಕಾರವೇ.

ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಫೈನಲ್. 13 ವರ್ಷದ ಮೇಲೆ ಅದೇ ಊರು. ಎದುರಿಗೆ ಜೋ ಸ್ಯಾಲಿಸ್ಬರಿ ಮತ್ತು ರಾಜೀವ್ ರಾಮ್. ರಿಯೊದಲ್ಲಿ ಪದಕ ತಪ್ಪಿಸಿದ ಅದೇ ರಾಮ್. ಮೊದಲ ಸೆಟ್ ಗೆದ್ದೂ ಪಂದ್ಯ ಸೋತರು. ಆ ಪಂದ್ಯದ ಮೂರನೇ ಸೆಟ್‌ನಲ್ಲಿ ಚೆಂಡು ತಮ್ಮ ಕೈಗೆ ಸವರಿತು ಅಂತ ಬೋಪಣ್ಣ ತಾವಾಗಿಯೇ ಅಂಪೈರ್‌ಗೆ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಅಂಪೈರ್ ನೋಡಿರಲಿಲ್ಲ. ಒಂದು ಪಾಯಿಂಟಿನ ಬೆಲೆ ಗೊತ್ತಿರುವ ಮನುಷ್ಯ, ಬದುಕಿನಲ್ಲಿ ಇನ್ನೊಂದು ಫೈನಲ್ ಬರುತ್ತದೋ ಇಲ್ಲವೋ ಗೊತ್ತಿಲ್ಲದ ವಯಸ್ಸು. ಆದರೂ ಹೇಳಿದರು. 2021ರ ಮನಸ್ಸು ಮತ್ತು 2023ರ ಮನಸ್ಸಿನ ವ್ಯತ್ಯಾಸ ತೋರಿಸಲು ನನಗೆ ಯಾವ ಟ್ರೋಫಿಗಿಂತ ಈ ಒಂದು ಗಳಿಗೆಯೇ ಹೆಚ್ಚು ಸಾಕ್ಷಿ ಅನಿಸುತ್ತದೆ. ಸೋಲಿನ ಭಯ ಹಿಡಿದವನ ಕೈಯಲ್ಲಿ ಇದು ಸುಲಭಕ್ಕೆ ಆಗುವ ಕೆಲಸವಲ್ಲ.

ಮೆಲ್ಬರ್ನ್‌ನ ದಾರಿಯೂ ಸಲೀಸಾಗಿರಲಿಲ್ಲ. ಮೊದಲ ಸುತ್ತೇ ಮೂರನೇ ಸೆಟ್‌ನ ಸೂಪರ್ ಟೈ-ಬ್ರೇಕ್‌ಗೆ ಹೋಯಿತು. ಸೆಮಿಫೈನಲ್‌ನಲ್ಲಿ ಥಾಮಸ್ ಮಹಾಚ್ ಮತ್ತು ಜಾಂಗ್ ಜಿಜೆನ್ ವಿರುದ್ಧವೂ ಅಷ್ಟೇ, 10-7ರಲ್ಲಿ ಪಾರಾದರು. ಫೈನಲ್‌ಗೆ ಎರಡು ದಿನ ಮುಂಚೆ ಪದ್ಮಶ್ರೀ ಘೋಷಣೆಯಾಯಿತು. ವಯಸ್ಸಿನ ಮಾತು ಬಂದಾಗ ತಾನು 43 ವರ್ಷದವನಲ್ಲ, 43ನೇ ಲೆವೆಲ್‌ನಲ್ಲಿದ್ದೇನೆ ಅಂತ ಹೇಳುತ್ತಿದ್ದರು. ಮಾರ್ಚ್‌ನಲ್ಲಿ ಮಯಾಮಿಯ ಮಾಸ್ಟರ್ಸ್ 1000 ಟೂರ್ನಿಯನ್ನೂ ಗೆದ್ದು ತಮ್ಮದೇ ಹಿರಿಯ ವಯಸ್ಸಿನ ದಾಖಲೆ ಮುರಿದರು. ಆಗ 44.

ಛಲ ಅಂದರೆ ಮುಗಿಯಿತೇ

ಈ ಕಥೆ ಕೇಳಿದವರೆಲ್ಲ ಛಲ ಇದ್ದರೆ ಏನನ್ನೂ ಗೆಲ್ಲಬಹುದು ಅಂತ ಹೇಳಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆಸ್ಟ್ರಿಯಾದ ಡೊಮಿನಿಕ್ ಥೀಮ್ 2020ರಲ್ಲಿ ಯುಎಸ್ ಓಪನ್ ಗೆದ್ದರು. ವರ್ಷಗಟ್ಟಲೆ ಬೆನ್ನತ್ತಿದ ಗುರಿ ಮುಟ್ಟಿದ ಮೇಲೆ ಒಳಗೆ ಖಾಲಿಯಾದಂತೆ ಆಯಿತು ಅಂತ ಅವರೇ ಹೇಳಿಕೊಂಡರು. 2021ರ ಜೂನ್‌ನಲ್ಲಿ ಮಣಿಕಟ್ಟಿಗೆ ಗಾಯವಾಯಿತು. 2024ರಲ್ಲಿ 31ನೇ ವಯಸ್ಸಿಗೆ ಆಟ ಬಿಟ್ಟರು. ಅರ್ಜೆಂಟೀನಾದ ಹುವಾನ್ ಮಾರ್ಟಿನ್ ಡೆಲ್ ಪೋಟ್ರೊ ಮೊದಲು ಮಣಿಕಟ್ಟು, ಆಮೇಲೆ ಮೊಣಕಾಲು ಅಂತ ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರಿಗೆ ಛಲ ಇರಲಿಲ್ಲ ಅಂತ ಹೇಳುವ ಧೈರ್ಯ ಯಾರಿಗಿದೆ? ಇಬ್ಬರೂ ಸಿಂಗಲ್ಸ್ ಆಟಗಾರರು. ಇಡೀ ಕೋರ್ಟ್ ಒಬ್ಬರೇ ಓಡಬೇಕು, ಗ್ರ್ಯಾಂಡ್ ಸ್ಲಾಮ್‌ನಲ್ಲಿ ಐದು ಸೆಟ್ ಆಡಬೇಕು.

ಬೋಪಣ್ಣ ಉಳಿದುಕೊಂಡದ್ದರಲ್ಲಿ ಡಬಲ್ಸ್ ಎಂಬ ಆಟದ ಪಾಲು ದೊಡ್ಡದು. ಅಲ್ಲಿ ಅರ್ಧ ಕೋರ್ಟ್ ಸಾಕು. ಪಾಯಿಂಟ್‌ಗಳು ಚಿಕ್ಕವು. ನಾಲ್ಕು ಗೇಮ್‌ಗೆ ಒಂದು ಸಲ ಮಾತ್ರ ಸರ್ವ್ ಬರುತ್ತದೆ. ಅವರ ದೇಹಕ್ಕೆ ಏನು ಆಗುತ್ತದೋ ಅದನ್ನೇ ಕೇಳುವ ಆಟ ಅದು. ಒಳ್ಳೆಯ ಜೊತೆಗಾರ ಸರಿಯಾದ ಹೊತ್ತಿಗೆ ಸಿಕ್ಕಿದರು. ಮನೆಯಲ್ಲಿ ಕೇಳುವವರಿದ್ದರು. ಛಲ ಇವೆಲ್ಲದರ ಜೊತೆ ಸೇರಿ ಕೆಲಸ ಮಾಡಿತು. ಅದೊಂದೇ ಇದ್ದಿದ್ದರೆ ಮಾತ್ರೆ ನುಂಗಿಕೊಂಡು ಇನ್ನೊಂದು ವರ್ಷ ಆಡಿ, ಮೊಣಕಾಲು ಪೂರ್ತಿ ಹಾಳುಮಾಡಿಕೊಳ್ಳುತ್ತಿದ್ದರೇನೋ.

ಇಳಿಜಾರು, ಮತ್ತು ಹಣದ ಪ್ರಶ್ನೆ

ರ್‍ಯಾಂಕಿಂಗ್ ಪಾಯಿಂಟ್‌ಗಳು 52 ವಾರ ಮಾತ್ರ ಉಳಿಯುತ್ತವೆ. ಆಸ್ಟ್ರೇಲಿಯನ್ ಓಪನ್‌ನ 2000, ಮಯಾಮಿಯ 1000, ಎರಡೂ ಮರುವರ್ಷ ಅದೇ ವಾರಕ್ಕೆ ಮಾಯವಾಗುತ್ತವೆ. ಮತ್ತೆ ಗೆದ್ದರಷ್ಟೇ ಉಳಿಯುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಸೋತು ಬೋಪಣ್ಣ ದೇಶಕ್ಕಾಗಿ ಆಡುವುದನ್ನು ಮುಗಿಸಿದರು. ಅದೇ ಒಲಿಂಪಿಕ್ಸ್‌ನಲ್ಲಿ ಎಬ್ಡನ್ ತಮ್ಮ ದೇಶದ ಜಾನ್ ಪಿಯರ್ಸ್ ಜೊತೆ ಚಿನ್ನ ಗೆದ್ದರು. ವರ್ಷದ ಕೊನೆಗೆ ಇವರಿಬ್ಬರ ಜೋಡಿ ಮುಗಿಯಿತು. 2025ರಲ್ಲಿ ಮತ್ತೆ ವಾರಕ್ಕೊಬ್ಬ ಜೊತೆಗಾರ. ಮಾಂಟೆ ಕಾರ್ಲೊದಲ್ಲಿ ಬೆನ್ ಶೆಲ್ಟನ್ ಜೊತೆ ಒಂದು ಪಂದ್ಯ ಗೆದ್ದರು, 45ನೇ ವಯಸ್ಸಿನಲ್ಲಿ. ಟೋಕಿಯೊದಲ್ಲಿ ಜಪಾನಿನ ಯುವ ಆಟಗಾರ ತಾಕೇರು ಯುಝುಕಿ ಜೊತೆ ಫೈನಲ್ ತಲುಪಿದರು. ಕೊನೆಯ ಪಂದ್ಯ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. ಮೂರನೇ ಸೆಟ್‌ನ ಬದಲಿನ ಟೈ-ಬ್ರೇಕ್‌ನಲ್ಲಿ 8-10. ಕಡೆಗೂ ಅದೇ ಎರಡು ಪಾಯಿಂಟ್. ನವೆಂಬರ್ 1ರಂದು ನಿವೃತ್ತಿ ಘೋಷಿಸಿದರು. ಈ ಸಲದ ನಿರ್ಧಾರ ಎಸ್ಟೊರಿಲ್‌ನದರಂತೆ ಸೋಲಿನ ಮಧ್ಯೆ ಹುಟ್ಟಿದ್ದಲ್ಲ. ಎಲ್ಲ ಮುಗಿಸಿದವರು ತೆಗೆದುಕೊಂಡದ್ದು.

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು 2021 ಅಲ್ಲ, 2007. ಜೊತೆ ತಿರುಗುವ ಫಿಸಿಯೊ, ಕೋಚ್, ಯೋಗದ ಗುರು ಇವೆಲ್ಲ ಅಷ್ಟು ವರ್ಷ ಟೂರ್‌ನಲ್ಲಿ ದುಡಿದ ಆಟಗಾರನ ಕೈಗೆಟುಕುತ್ತವೆ. 213ನೇ ರ್‍ಯಾಂಕಿನ ಹುಡುಗನಿಗೆ ಎಲ್ಲಿಂದ ಬರಬೇಕು? ಡಬಲ್ಸ್‌ನಲ್ಲಿ ಹಣವೂ ಕಡಿಮೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಚಾಂಪಿಯನ್‌ಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಜೋಡಿಗೆ 7.3 ಲಕ್ಷ, ಅದೂ ಇಬ್ಬರಿಗೆ ಹಂಚಿ. ಕಬ್ಬನ್ ಪಾರ್ಕಿನ ಕೋರ್ಟ್‌ಗಳಲ್ಲಿ ಚಾಲೆಂಜರ್, ಅಂದರೆ ಎಟಿಪಿ ಟೂರ್‌ಗಿಂತ ಕೆಳಗಿನ ಹಂತದ ಟೂರ್ನಿ ಆಡುವ ನಮ್ಮ ಹುಡುಗರಲ್ಲಿ ಮೊಣಕಾಲು ಕಟ್ಟಿಕೊಂಡು ಆಡುವವರು ಈಗಲೂ ಇದ್ದಾರೆ. ಅವರ ಕಾರ್ಟಿಲೇಜ್ ಇನ್ನೂ ಉಳಿದಿದೆ. ಕಾಲು ಯಾವ ನೇರದಲ್ಲಿ ಇಳಿಯುತ್ತಿದೆ ಅಂತ ನೋಡುವವರು, ಸೋತ ವಾರ ಫೋನ್ ಎತ್ತಿ ಮಾತಾಡುವವರು 20ನೇ ವಯಸ್ಸಿಗೇ ಸಿಕ್ಕರೆ ಅವರು 40ರವರೆಗೆ ಕಾಯಬೇಕಾಗಿಲ್ಲ. ರಾಜ್ಯದ ಟೆನಿಸ್ ಸಂಸ್ಥೆಗಳು, ಕ್ರೀಡಾ ಇಲಾಖೆ, ಅಕಾಡೆಮಿಗಳು ಹಣ ಹಾಕುವ ಮೊದಲ ಜಾಗ ಇದಾಗಲಿ ಅಂತ ನಾನು ಕೇಳುತ್ತೇನೆ. ಹೊಸ ಕೋರ್ಟು ಆಮೇಲೆ ಕಟ್ಟೋಣ.